ಬೂಟು ತಿಂದ ಬಿಷಪ್

ಮಳೆಗೆ ನೆಂದ ಶೂ ಒಳಗೆ ಹಳೇ ಪೇಪರ್ ತುರುಕುತ್ತಾ ಕೂತಿದ್ದೆ. ಆ ವಾಸನೆಗೆ ಸುಮ್ನೆ ಐಸಾಕ್ ಸ್ಟ್ರಿಂಗರ್ ನೆನಪಾದರು. ಕೆನಡಾದ ಯೂಕಾನ್ ಕಡೆಯ ಆಂಗ್ಲಿಕನ್ ಚರ್ಚಿನ ಬಿಷಪ್. ಅದಕ್ಕೂ ಮೊದಲು ಆರ್ಕ್ಟಿಕ್ ಸಮುದ್ರದ ಹರ್ಷೆಲ್ ದ್ವೀಪದಲ್ಲಿ ಹೆಂಡತಿ ಸೇಡಿ ಜೊತೆ ವರ್ಷಗಟ್ಟಲೆ ಇದ್ದವರು.

1909ರಲ್ಲಿ ಇವರು ಮತ್ತು ಜೊತೆಗಾರ ಚಾರ್ಲ್ಸ್ ಜಾನ್ಸನ್ ಉತ್ತರ ಕೆನಡಾದ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಡಾಸನ್‌ಗೆ ಹೊರಟರು. ನದಿ ಹೆಪ್ಪುಗಟ್ಟತೊಡಗಿತು, ದೋಣಿ ಬಿಟ್ಟರು, ಮಂಜಿನಲ್ಲಿ ದಾರಿ ತಪ್ಪಿತು. ತಿನ್ನೋಕೆ ಏನೂ ಉಳಿಯಲಿಲ್ಲ. ಕೊನೆಗೆ ಸೀಲ್ ಅನ್ನೋ ಕಡಲ ಪ್ರಾಣಿಯ ಚರ್ಮದ ಬೂಟನ್ನೇ ಗಂಟೆಗಟ್ಟಲೆ ಬೇಯಿಸಿ, ಬೆಂಕಿಯಲ್ಲಿ ಸುಟ್ಟು ತಿಂದರು. ಅಷ್ಟು ಹಸಿವಿನಲ್ಲೂ ಪುಣ್ಯಾತ್ಮ ಡೈರಿ ಬರೆದಿದ್ದಾರೆ: ಬೂಟಿನ ಮೇಲ್ಭಾಗಕ್ಕಿಂತ ಅಟ್ಟೆಯೇ ರುಚಿಯಂತೆ! ಹೋಟೆಲ್ ದೋಸೆಗೆ ಸ್ಟಾರ್ ಕೊಡೋ ನಾವು ಇವರ ಮುಂದೆ ಏನೂ ಅಲ್ಲ, ಅಲ್ವಾ?

ಕೊನೆಗೆ ಪೀಲ್ ನದಿ ದಂಡೆಯಲ್ಲಿ ಅಲ್ಲಿನ ಮೂಲನಿವಾಸಿಗಳ ಬಿಡಾರ ಸಿಕ್ಕಿತು. ಅಷ್ಟರಲ್ಲಿ ಬಿಷಪ್ ಸುಮಾರು 50 ಪೌಂಡ್ ಇಳಿದಿದ್ದರು. ಪರಿಚಯದವರಿಗೂ ತಕ್ಷಣ ಗುರುತು ಸಿಗಲಿಲ್ಲವಂತೆ. ಹೆಸರು ಉಳಿದಿದ್ದು ಬೂಟು ತಿಂದವರದ್ದು. ಆದ್ರೆ ನನಗೆ ಜಾಸ್ತಿ ಕಾಡೋದು ಆ ಬಿಡಾರದವರು. ಎಲುಬಿನ ಗೂಡಾಗಿ ಬಂದ ಇಬ್ಬರನ್ನು ಒಳಗೆ ಕರೆದು ಊಟ ಹಾಕಿದರಲ್ಲ, ಅವರ ಹೆಸರು ಎಷ್ಟು ಜನಕ್ಕೆ ಗೊತ್ತು?

ನನ್ನ ಶೂ ಇನ್ನೂ ಒಣಗಿಲ್ಲ.