ಪರದೆ ಬರೆದವರು

ನಮ್ಮ ಡ್ರಾಯಿಂಗ್ ಮಾಸ್ತರರು ತೀರಿಕೊಂಡ ಸುದ್ದಿ ಬಂದ ದಿನ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮೊದಲು ಕೈಮುಗಿದ ಚಿತ್ರಗಳ ಸಾಲು ಬಂತು, ಆಮೇಲೆ ನೆನಪುಗಳು. ಅವರ ಅಟ್ಲಾಸ್ ಸೈಕಲ್ಲು, ಕಂಕುಳಿಗೆ ಸಿಕ್ಕಿಸಿದ ಕೊಡೆ, ಬೋರ್ಡಿನ ಮೇಲೆ ಒಂದೇ ಎಳೆತಕ್ಕೆ ಬರೆಯುತ್ತಿದ್ದ ವೃತ್ತ. ಎಲ್ಲವೂ ನಿಜ. ಕೊನೆಗೆ ಯಾರೋ, "ಗ್ಯಾದರಿಂಗಿನ ಪಂಚವಟಿ ಪರದೆ ಬರೆದ ಕೈ ಇನ್ನಿಲ್ಲ" ಎಂದರು. ಗ್ಯಾದರಿಂಗ್ ಎಂದರೆ ಶಾಲೆಯ ವಾರ್ಷಿಕೋತ್ಸವ, ಪರದೆ ಎಂದರೆ ಅದರ ವೇದಿಕೆಯ ಹಿಂದೆ ಕಟ್ಟುವ ಚಿತ್ರದ ಬಟ್ಟೆ. ಗುಂಪಿಗೆ ಗುಂಪೇ ಹೌದೆಂದಿತು. ಸಾವಿನ ಮನೆಯ ಹೊತ್ತಿನಲ್ಲಿ ತಕರಾರು ಯಾಕೆಂದು ಸುಮ್ಮನಿದ್ದೆ. ಈಗ ಶಾಲೆಯ ಸಂಚಿಕೆಗೆ ಬರೆಯಿರಿ ಎಂದಿದ್ದಾರೆ, ಆದ್ದರಿಂದ ಬರೆಯುತ್ತಿದ್ದೇನೆ: ಆ ಪರದೆ ಬರೆದವರು ಹೊಲಿಗೆ ಅಕ್ಕೋರು, ಅಂದರೆ ನಮಗೆ ಹೊಲಿಗೆ ಕಲಿಸುತ್ತಿದ್ದ ಟೀಚರು.

ಹೀಗೆಂದ ಮಾತ್ರಕ್ಕೆ ಮಾಸ್ತರರ ಮೇಲೆ ನನಗೆ ಪ್ರೀತಿ ಕಡಿಮೆ ಎಂದು ತಿಳಿಯಬೇಡಿ. ಒಂಬತ್ತನೇ ಇಯತ್ತೆಯಲ್ಲಿ ಓದಿದ ಪಾಠಗಳಲ್ಲಿ ಒಂದೂ ನೆನಪಿಲ್ಲ. ಅವರು ಮೇಜಿನ ಮೇಲಿಟ್ಟಿದ್ದ ತಾಮ್ರದ ತಂಬಿಗೆಯ ಕಂಠದ ಹತ್ತಿರದ ನೆಗ್ಗು ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಇಡೀ ಮಳೆಗಾಲ ಅದೊಂದನ್ನೇ ಬರೆಸಿದರು. ಹಿಂದೆ ಬಂದು ನಿಂತು, "ಬೆಳಕು ಎಲ್ಲಿಂದ ಬಂತೇ ಹುಡುಗಿ?" ಎನ್ನುವರು. ಕಿಟಕಿ ತೋರಿಸಿದರೆ, "ಹಾಗಾದರೆ ನೆರಳನ್ನೂ ಕಿಟಕಿ ಕಡೆಗೇ ಯಾಕೆ ಹಾಕಿದೆ?" ಡ್ರಾಯಿಂಗಿನ ಹೈಯರ್ ಗ್ರೇಡ್ ಪರೀಕ್ಷೆಯ ಫೀಸು ನನ್ನ ಅಪ್ಪ ಕೊಡಲಿಲ್ಲ, ಅವರು ತುಂಬಿದರು. ಅವರ ಕಪಾಟಿನ ಬಾಗಿಲ ಒಳಮೈಗೆ ಪತ್ರಿಕೆಯಿಂದ ಕತ್ತರಿಸಿದ ಕಪ್ಪುಬಿಳುಪು ಚಿತ್ರವೊಂದು ಅಂಟಿತ್ತು. ಸತ್ತ ಮಗುವನ್ನು ಅವುಚಿಕೊಂಡು, ಅದರ ಎದೆಗೆ ಮುಖ ಒತ್ತಿ ಕೂತ ತಾಯಿ. ಕೆಳಗಿದ್ದ ಹೆಸರು ಕತ್ತರಿಗೆ ಹೋಗಿತ್ತು. ಯಾರು ಬರೆದದ್ದು ಸಾರ್ ಎಂದರೆ, "ಜರ್ಮನಿಯವರು" ಎಂದಷ್ಟೇ ಹೇಳಿದ್ದರು.

ಇನ್ನು ಪರದೆಯ ಕಥೆ. ಮಾಂಜರಪಾಟಿನ ಬಟ್ಟೆಯ ಮೇಲೆ ಅಂಟಿನಲ್ಲಿ ಕಲಸಿದ ಪುಡಿಬಣ್ಣ. ಪರ್ಣಕುಟಿ, ಹಿಂದೆ ಗುಡ್ಡ, ಬದಿಗೆ ಹೊಳೆ. ಗ್ಯಾದರಿಂಗಿಗೆ ಎರಡು ದಿನವಿದೆ ಎನ್ನುವಾಗ ನಾವು ಮೂವರು ಊಟದ ಬಿಡುವಿನಲ್ಲಿ ಹಾಲ್‌ಗೆ ನುಗ್ಗಿ, ಸೀತೆಯ ಕುಟೀರಕ್ಕೆ ಒರಗಿಸಿ ಮಾಸ್ತರರ ಸೈಕಲ್ಲು ಬರೆದೆವು. ಕ್ಯಾರಿಯರು, ಬೆಲ್ಲು, ಹ್ಯಾಂಡಲಿಗೆ ನೇತುಹಾಕಿದ ಕೊಡೆ, ಯಾವುದನ್ನೂ ಬಿಡಲಿಲ್ಲ. ಹ್ಯಾಂಡಲು ನನ್ನದು, ಈಗಲೂ ಹೇಳುತ್ತೇನೆ, ಚೆನ್ನಾಗಿತ್ತು. ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು. ಪೇರಿಸಿಟ್ಟ ಬೆಂಚುಗಳ ಹಿಂದೆ ಅವಿತೆವು.

ಮಾಸ್ತರರು ನೋಡಿದರು. "ಯಾವ ಕತ್ತೆಗಳ ಕೆಲಸ ಇದು?" ಎಂದು ಗದರಿ, ಕುಂಚ ಕೈಗೆತ್ತಿಕೊಳ್ಳುತ್ತಾರೆ ಎಂದುಕೊಂಡರೆ, ನೆಟ್ಟಗೆ ಹೊಲಿಗೆ ಕೋಣೆಗೆ ನಡೆದರು. ಅಕ್ಕೋರನ್ನು ಕರೆದುಕೊಂಡು ಬಂದರು. ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ತುಸು ಹೊತ್ತು ನೋಡಿ, "ಚಕ್ರ ಚಲೋ ಬಂದದೆ. ಅಳಿಸೂದು ಬ್ಯಾಡ" ಎಂದರು. ಹೊಳೆಯ ನೀಲಿಯನ್ನು ಕುಟೀರದ ತನಕ ಎಳೆದರು. ಎರಡು ಚಕ್ರಗಳು ಎರಡು ತಾವರೆ ಎಲೆಗಳಾದವು, ಅರಗಳೇ ಎಲೆಯ ನರಗಳು. ನನ್ನ ಹ್ಯಾಂಡಲು ಜಿಂಕೆಯ ಕೊಂಬಾಯಿತು; ಅದರ ಕೆಳಗೆ ಪೊದೆಯಿಂದ ಇಣುಕುವ ಮುಖವೊಂದು ಹುಟ್ಟಿತು. ಅವರ ಕೈ ಎಲ್ಲೂ ತಡವರಿಸಲಿಲ್ಲ. ಈ ಪರದೆ ಮೊದಲಿನಿಂದಲೂ ಯಾರ ಕೈಯದು ಎನ್ನುವುದು ಬೆಂಚಿನ ಹಿಂದೆ ಕೂತ ನಮಗೂ ತಿಳಿಯಿತು. ಮಾಸ್ತರರು ಪಕ್ಕದಲ್ಲಿ ಬಣ್ಣದ ತಟ್ಟೆ ಹಿಡಿದು ನಿಂತಿದ್ದರು.

ಗ್ಯಾದರಿಂಗಿನ ದಿನ ಹೆಡ್ ಮಾಸ್ತರರು ಮೈಕಿನಲ್ಲಿ ಪರದೆಗಾಗಿ ಡ್ರಾಯಿಂಗ್ ಮಾಸ್ತರರನ್ನು ಅಭಿನಂದಿಸಿದರು. ಮಾಸ್ತರರು ಎದ್ದು ಕೈಮುಗಿದರು. ಅಕ್ಕೋರು ಹಿಂದಿನ ಕೋಣೆಯಲ್ಲಿ ಅವಲಕ್ಕಿ ಕಲಸುತ್ತಿದ್ದರು. ಆ ವರ್ಷದ ವರದಿಯಲ್ಲಿ ಅವರ ಪ್ರಸ್ತಾಪ ಬರುವುದೂ ಅಲ್ಲೇ, ಉಪಾಹಾರದ ವ್ಯವಸ್ಥೆಯಲ್ಲಿ.

ಬರ್ಲಿನ್ನಿಗೆ ಹೋಗಿ ಕಲಾ ಇತಿಹಾಸದ ಸಂಶೋಧನೆಗೆ ಕೂತ ಮೇಲೆ ಇದೇ ಸಾಲು ನನಗೆ ಬೇರೆ ಭಾಷೆಯಲ್ಲಿ ಸಿಕ್ಕಿತು. ಮೊದಲ ಮಹಾಯುದ್ಧದ ಹೊತ್ತಿಗೆ ಹುಟ್ಟಿ ಕಲೆಯ ಹಳೆಯ ಕಟ್ಟಳೆಗಳನ್ನು ಗೇಲಿ ಮಾಡಿದ ಡಾಡಾ ಎಂಬ ಚಳವಳಿಯ ಕಾಲಕ್ಕೆ, ಪತ್ರಿಕೆಯ ಚಿತ್ರಗಳನ್ನು ಕತ್ತರಿಸಿ ಜೋಡಿಸಿ ಹೊಸದೊಂದು ಕಲೆಯನ್ನೇ ಕಟ್ಟಿದವರಲ್ಲಿ ಹಾನ್ನಾ ಹ್ಯೋಖ್ ಒಬ್ಬರು. 1920ರ ಡಾಡಾ ಮೇಳದಲ್ಲಿ ಅವರ ಕೃತಿಗಳಿದ್ದವು. ಮುಂದೆ ಚಳವಳಿಯಲ್ಲಿ ಅವರ ಜೊತೆಗಿದ್ದ ಕಲಾವಿದ ಹಾನ್ಸ್ ರಿಖ್ಟರ್ ಹಳೆಯ ದಿನಗಳ ಬಗ್ಗೆ ಬರೆಯುವಾಗ ಅವರನ್ನು ನೆನೆದದ್ದು ಯಾತಕ್ಕೆ? ದುಡ್ಡಿಲ್ಲದ ಕಾಲದಲ್ಲೂ ಬ್ರೆಡ್ಡು, ಬಿಯರು, ಕಾಫಿ ಹೇಗೋ ಹೊಂದಿಸಿ ಕೊಡುತ್ತಿದ್ದರು ಎಂದು. ನಾಜಿಗಳ ಕಾಲದಲ್ಲಿ ಆ ಚಳವಳಿಯ ಕಾಗದಪತ್ರಗಳನ್ನು ಬರ್ಲಿನ್ನಿನ ಅಂಚಿನ ತನ್ನ ಪುಟ್ಟ ಮನೆಯಲ್ಲಿ ಬಚ್ಚಿಟ್ಟು ಉಳಿಸಿದವರೂ ಇದೇ ಹ್ಯೋಖ್. ಓದುತ್ತ ಓದುತ್ತ ನನಗೆ ಅವಲಕ್ಕಿಯ ಒಗ್ಗರಣೆಯ ವಾಸನೆ ಬಂತೆಂದರೆ ನಂಬಬೇಕು.

ಕಪಾಟಿನ ಬಾಗಿಲ ಚಿತ್ರವೂ ಅಲ್ಲಿ ಸಿಕ್ಕಿತು. ಕೇಟೆ ಕೋಲ್ವಿಟ್ಸ್ ಎಂಬ ಜರ್ಮನ್ ಕಲಾವಿದೆಯದು, 1903. ಕನ್ನಡಿಯ ಎದುರು ತನ್ನ ಮಗ ಪೀಟರ್‌ನನ್ನು ತೋಳಲ್ಲಿ ಹಿಡಿದು ಕೂತು, ಅದನ್ನೇ ನೋಡಿ ಬರೆದದ್ದು. ಆಗ ಹುಡುಗನಿಗೆ ಏಳು ವರ್ಷ. 1914ರಲ್ಲಿ ಆ ಹುಡುಗ ಯುದ್ಧಕ್ಕೆ ಹೋಗಿ ಬೆಲ್ಜಿಯಂನಲ್ಲಿ ಸತ್ತ.

ಕೋಲ್ವಿಟ್ಸ್ ಹೆಸರು ಹೇಗೋ ಉಳಿಯಿತು. ಉಳಿದವರದು ಎಲ್ಲಿ ಹೋಯಿತು ಎಂದು ಹುಡುಕುವುದೇ ನನ್ನ ಕಸುಬಾಯಿತು. ಬರ್ಲಿನ್ನಿನ ಕಲಾ ಅಕಾಡೆಮಿ ಹೆಣ್ಣುಮಕ್ಕಳನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಂಡದ್ದು 1919ರಲ್ಲಿ. ಅದಕ್ಕೂ ಮೊದಲು, 1867ರಲ್ಲೇ, ಕಲಾವಿದೆಯರು ತಮ್ಮದೇ ಸಂಘ ಕಟ್ಟಿ ಶಾಲೆ ನಡೆಸಿದ್ದರು. ಅದೇ 1919ರಲ್ಲಿ ಶುರುವಾದ ಬೌಹೌಸ್ ಎಂಬ ಕಲೆ-ವಿನ್ಯಾಸದ ಶಾಲೆ ಎಲ್ಲರೂ ಸಮಾನರು ಎಂದು ಸಾರಿತು, ಆಮೇಲೆ ಬಂದ ಹುಡುಗಿಯರನ್ನು ಹೆಚ್ಚಾಗಿ ನೇಯ್ಗೆಯ ಕೋಣೆಗೆ ದಾಟಿಸಿತು. (ನಮ್ಮಲ್ಲಿ ಹೊಲಿಗೆ ಕೋಣೆ.) ಡ್ರೆಸ್ಡೆನ್ನಿನ ಕಲಾವಿದೆ ಎಲ್ಫ್ರೀಡೆ ಲೋಸೆ-ವೆಖ್ಟ್ಲರ್ ಹರೆಯದಲ್ಲಿ ಗಂಡಸಿನ ಹೆಸರಿಟ್ಟುಕೊಂಡು ಚಿತ್ರ ಬರೆದರು. ಬುದ್ಧಿಭ್ರಮಣೆಯೆಂದು ಆಸ್ಪತ್ರೆಗೆ ಹಾಕಿದ ಅವರನ್ನು 1940ರಲ್ಲಿ ಪಿರ್ನಾದಲ್ಲಿ ನಾಜಿಗಳು ವಿಷಾನಿಲ ಕೊಟ್ಟು ಕೊಂದರು.

ನನಗೆ ತೀರ ಹತ್ತಿರದವರು ಲೋಟ್ಟೆ ಲಾಜರ್‌ಶ್ಟೈನ್. ಅಕಾಡೆಮಿಯ ಬಾಗಿಲು ತೆರೆದ ಹೊಸದರಲ್ಲಿ ಒಳಹೊಕ್ಕು ಓದು ಮುಗಿಸಿದ ಮೊದಲಿಗರಲ್ಲಿ ಒಬ್ಬರು. 1930ರಲ್ಲಿ ಎರಡು ಮೀಟರ್ ಅಗಲದ ಹಲಗೆಯ ಮೇಲೆ 'ಪಾಟ್ಸ್‌ಡಾಮ್ ಮೇಲೆ ಸಂಜೆ' ಬರೆದರು. ಮಹಡಿಯ ಮೇಲೆ ಊಟ ಮುಗಿಸಿ ಕೂತ ಗೆಳೆಯರು, ಕಾಲಬುಡದಲ್ಲಿ ನಾಯಿ, ಹಿಂದೆ ಊರಿನ ಗೋಪುರಗಳು. ಯಾರಿಗೂ ಮಾತು ಬೇಕಿಲ್ಲ. ಮೊದಲ ಸಲ ಅದರೆದುರು ನಿಂತಾಗ ನನ್ನೊಳಗೆ ಎದ್ದದ್ದು, ಬೆಳಕು ಎಲ್ಲಿಂದ ಬಂತೇ ಹುಡುಗಿ ಎನ್ನುವ ಪ್ರಶ್ನೆ. ಮನೆತನ ಯಹೂದಿ ಮೂಲದ್ದೆಂದು 1933ರ ನಂತರ ಅವರಿಗೆ ಜರ್ಮನಿಯ ಸಾರ್ವಜನಿಕ ಪ್ರದರ್ಶನಗಳ ಬಾಗಿಲು ಮುಚ್ಚಿತು. 1937ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಪ್ರದರ್ಶನದ ನೆಪ ಸಿಕ್ಕಿದಾಗ ಚಿತ್ರಗಳನ್ನು ಕಟ್ಟಿಕೊಂಡು ಹೊರಟವರು ಸ್ವೀಡನ್ನಿನಲ್ಲೇ ಉಳಿದರು. ತಾಯಿ ನಾಜಿಗಳ ರಾವೆನ್ಸ್‌ಬ್ರುಕ್ ಸೆರೆಶಿಬಿರದಲ್ಲಿ ತೀರಿಕೊಂಡರು. ಹೊಟ್ಟೆಪಾಡಿಗೆ ಅನುಕೂಲಸ್ಥರ ಭಾವಚಿತ್ರ ಬರೆಯುತ್ತ ದಶಕಗಳು ಕಳೆದವು. 1987ರಲ್ಲಿ ಲಂಡನ್ನಿನಲ್ಲಿ ಅವರ ಚಿತ್ರಗಳನ್ನು ಪ್ರದರ್ಶಿಸಿದಾಗ ಅವರಿಗೆ ತೊಂಬತ್ತರ ಹತ್ತಿರ. ಆನಾ-ಕರೋಲಾ ಕ್ರೌಸ್ಸೆ ಎಂಬ ಕಲಾ ಇತಿಹಾಸಕಾರ್ತಿ ಪಟ್ಟುಹಿಡಿದು ಕೆಲಸ ಮಾಡಿ 2003ರಲ್ಲಿ ಬರ್ಲಿನ್ನಿಗೆ ಅವರನ್ನು ಮರಳಿ ಪರಿಚಯಿಸಿದರು. ಅಷ್ಟರಲ್ಲಿ ಲಾಜರ್‌ಶ್ಟೈನ್ ತೀರಿ ಹತ್ತು ವರ್ಷ. ಬರ್ಲಿನ್ನಿನ ನ್ಯಾಷನಲ್ ಗ್ಯಾಲರಿ ಆ ಸಂಜೆಯ ಚಿತ್ರ ಕೊಂಡದ್ದು 2010ರಲ್ಲಿ.

ನನ್ನ ಪಾಲಿನ ಕೆಲಸ ಚಿಕ್ಕದು. ಉಗ್ರಾಣದಲ್ಲಿ ಕೂತು ಚೌಕಟ್ಟಿನ ಹಿಂಬದಿಯ ಚೀಟಿ ಓದುವುದು, ಮದುವೆಗೆ ಮೊದಲಿನ ಹೆಸರನ್ನೂ ನಂತರದ ಹೆಸರನ್ನೂ ಒಂದೇ ಜೀವಕ್ಕೆ ಸೇರಿಸುವುದು. ಆದರೂ ಕಳೆದ ವರ್ಷ ಒಂದು ಸಭೆಯಲ್ಲಿ ನಾನು ಮಾತಾಡಿ ಮುಗಿಸಿದಾಗ ಜರ್ಮನ್ ಪ್ರೊಫೆಸರುಗಳು ಮೇಜು ಗುದ್ದಿದ್ದು ಗುದ್ದಿದ್ದೇ. ಅಲ್ಲಿ ಅದು ಮೆಚ್ಚುಗೆ. ನಮ್ಮ ಶಾಲೆಯಲ್ಲಾಗಿದ್ದರೆ ಮೊಣಕಾಲೂರಿ ನಿಲ್ಲಿಸುತ್ತಿದ್ದರು.

ರಜೆಯಲ್ಲಿ ಬಂದಾಗೊಮ್ಮೆ ಮಾಸ್ತರರ ಮನೆಗೆ ಹೋಗಿ, ಪರದೆಯ ವಿಷಯ ಕೇಳಿಯೇಬಿಟ್ಟೆ. ಕವಳ ಜಗಿಯುತ್ತಿದ್ದವರು ಅಂಗಳಕ್ಕೆ ಹೋಗಿ ಉಗಿದು ಬಂದು, "ಅವಳೇ ಬರೆದದ್ದು. ಎಲ್ಲ ವರ್ಷದ್ದೂ ಅವಳದೇ. ನನಗೆ ತಂಬಿಗೆ ಬರುತ್ತಿತ್ತು, ಕಾಡು ಬರುತ್ತಿರಲಿಲ್ಲ" ಎಂದರು. ಮತ್ತೆ ಹೇಳಲಿಲ್ಲ ಯಾಕೆ ಸಾರ್ ಎಂದೆ. "ಯಾರು ಕೇಳಿದರು ಹೇಳು?" ಈ ಉತ್ತರ ಆಗ ಸಿಟ್ಟು ತರಿಸಿತ್ತು. ಈಗ ಅನಿಸುತ್ತದೆ, ಮ್ಯೂಸಿಯಮ್ಮಿನ ಎಷ್ಟೋ ಅಧಿಕಾರಿಗಳಿಗಿಂತ ಮಾಸ್ತರರು ಪ್ರಾಮಾಣಿಕರು. 1986ರಲ್ಲಿ ಬರ್ಲಿನ್ನಿನ ಹೆಂಗಸರು ಕೆಲವರು ಸೇರಿ 'ಬಚ್ಚಿಟ್ಟ ಮ್ಯೂಸಿಯಂ' ಎಂಬ ಸಂಸ್ಥೆ ಕಟ್ಟಿ, ನಿಮ್ಮ ಉಗ್ರಾಣಗಳಲ್ಲಿ ಹೆಂಗಸರ ಚಿತ್ರ ಏನೇನಿದೆ ಎಂದು ಕೇಳಿದರು. ಕೇಳಿದ ಮೇಲೆ ಚಿತ್ರಗಳು ಹೊರಬಂದವು.

ಕಳೆದ ಸಲ ಶಾಲೆಗೆ ಬಂದಾಗ ಡ್ರಾಯಿಂಗ್ ಪಿರಿಯಡ್ಡಿನಲ್ಲಿ ಗಣಿತ ನಡೆದಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದ ಬ್ಯಾನರು ಗೇಟಿನಷ್ಟೇ ಅಗಲವಿದೆ, ಸಂತೋಷ. ಡ್ರಾಯಿಂಗಿಗೆ ಮಾಸ್ತರರಿಲ್ಲ, ಹೊಲಿಗೆ ಕೋಣೆಯಲ್ಲಿ ಕೆಟ್ಟ ಕಂಪ್ಯೂಟರುಗಳಿವೆ. ಮಕ್ಕಳು ಪ್ರಾಜೆಕ್ಟಿನ ಚಾರ್ಟನ್ನು ಪೇಟೆಯ ಅಂಗಡಿಯಲ್ಲಿ ಬರೆಸಿ ತರುತ್ತಾರಂತೆ. ಯಾರು ಬರೆದರು ಎಂದು ಅಲ್ಲೂ ಯಾರೂ ಕೇಳುವುದಿಲ್ಲ.

ಅಕ್ಕೋರು ಹೋಗಿ ಬಹಳ ವರ್ಷವಾಯಿತು. ಅವರ ಹೆಸರು ಕೊಡಿ ಎಂದು ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಹೊಲಿಗೆ ಅಕ್ಕೋರು ಎಂದೇ ಎಲ್ಲರೂ ಬರೆದರು. ಅದರಾಚೆ ಒಬ್ಬರಿಗೂ ಗೊತ್ತಿಲ್ಲ. ಆಫೀಸಿನವರಲ್ಲಿ ನನ್ನದೊಂದು ವಿನಂತಿ: ಹಳೆಯ ಪಗಾರ ಪುಸ್ತಕಗಳು ದಾಸ್ತಾನು ಕೋಣೆಯಲ್ಲಿರಬೇಕು. ತಿಂಗಳ ಸಂಬಳಕ್ಕೆ ಅವರು ಸಹಿ ಹಾಕಿಯೇ ಹಾಕಿರುತ್ತಾರೆ. ಪರದೆಯೂ ಅಲ್ಲೇ ಸುರುಳಿಯಾಗಿ ಬಿದ್ದಿದ್ದರೆ ಬಿಚ್ಚಿ ಫೋಟೋ ತೆಗೆಯಿರಿ, ಬದಿಯಿಂದ ಟಾರ್ಚು ಬಿಟ್ಟರೆ ತಾವರೆ ಎಲೆಯಲ್ಲಿ ಚಕ್ರದ ಅರ ಕಾಣಬಹುದು. ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಹೆಸರು ಸಿಕ್ಕರೆ ಫೋಟೋದ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿ. ಜಾಗ ಸಾಲದಿದ್ದರೆ ನಾನು ಕಳಿಸಿದ ನನ್ನ ಫೋಟೋ ಸ್ವಲ್ಪ ಚಿಕ್ಕದು ಮಾಡಿದರೂ ಅಡ್ಡಿಯಿಲ್ಲ.