ಇದ್ದಿಲಿನ ಇಸ್ತ್ರಿ ಪೆಟ್ಟಿಗೆಗೆ ಹೊಸ ಬಣ್ಣ

ಹಳೆ ಇಸ್ತ್ರಿ ಪೆಟ್ಟಿಗೆಗೆ ಸುಮ್ನೆ ಕರಿ ಎನಾಮಲ್ ಬಳಿದು ಶೋಕೇಸಲ್ಲಿ ಇಡೋದು ನನಗೆ ಇಷ್ಟವಿಲ್ಲ. ಅದು ಕೆಲಸದ ಸಾಮಾನು, ಅಲ್ವಾ? ಕೆಂಡ ಹಾಕಿದ ಕೂಡಲೇ ಮಾಮೂಲಿ ಬಣ್ಣ ಗುಳ್ಳೆ ಎದ್ದು, ಹೊಗೆಯಾಡಿ, ಬಟ್ಟೆಗೆಲ್ಲ ವಾಸನೆ ಹಿಡಿಸುತ್ತದೆ.

ಅಮ್ಮನ ಮನೆಯ ಬೀಡುಕಬ್ಬಿಣದ ಪೆಟ್ಟಿಗೆ ಈಗ ನನ್ನ ಕೈಯಲ್ಲಿದೆ. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಒಣಗಿದ್ದಾಗ ಉಜ್ಜಲೇಬೇಡಿ, ನೀರು ಹಾಕಿಕೊಂಡೇ ಎಮೆರಿ ಪೇಪರ್ ಹಿಡಿಯಿರಿ. ಮರದ ಹಿಡಿ ಬಿಚ್ಚಿಟ್ಟು, ಕಬ್ಬಿಣವನ್ನು ರಾತ್ರಿ ವಿನೆಗರ್‌ನಲ್ಲಿ ನೆನೆಸಿದರೆ ತುಕ್ಕು ಸಡಿಲವಾಗುತ್ತದೆ. ಬೆಳಿಗ್ಗೆ ಬ್ರಷ್ಷಿನಲ್ಲಿ ತಿಕ್ಕಿ ತೊಳೆದು ತಕ್ಷಣ ಒಣಗಿಸಬೇಕು, ತಡವಾದರೆ ಕಣ್ಣೆದುರೇ ಮತ್ತೆ ಕೆಂಪು ತುಕ್ಕು ಕೂರುತ್ತದೆ. ಮುಚ್ಚಳದ ಹಿತ್ತಾಳೆ ಚಿಲಕಕ್ಕೆ ಹುಣಸೆಹಣ್ಣು ಸಾಕು. ಉಜ್ಜಿದಷ್ಟೂ ಹೊಳೆಯುತ್ತದೆ, ಎಷ್ಟು ಚೆಂದ!

ಬಣ್ಣ ಮಾತ್ರ ಬೈಕಿನ ಸೈಲೆನ್ಸರ್‌ಗೆ ಹೊಡೆಯುವ ಹೀಟ್‌ಪ್ರೂಫ್ ಪೇಂಟೇ ಆಗಬೇಕು. ಹೊರಮೈಗಷ್ಟೇ, ತೆಳುವಾಗಿ ಎರಡು ಕೋಟ್. ತಳಕ್ಕೆ ಬಣ್ಣ ಬೇಡವೇ ಬೇಡ, ನುಣ್ಣಗೆ ಉಜ್ಜಿ ಜೇನುಮೇಣ ಸವರಿ ಒರೆಸಿ. ಹಿಡಿಗೆ ಅಗಸೆ ಎಣ್ಣೆ. ಆಮೇಲೆ ಅಂಗಳದಲ್ಲಿಟ್ಟು ಮೊದಲು ಸ್ವಲ್ಪ ಕೆಂಡ, ತಣಿದ ಮೇಲೆ ಇನ್ನೂ ಜಾಸ್ತಿ ಕೆಂಡ ಹಾಕಿ. ಆ ಬಣ್ಣ ಗಟ್ಟಿಯಾಗೋದೇ ಶಾಖದಿಂದ.