ಮಿಕ್ಸಿ ಜಾರ್ ತರಲು ಹೋದವನು
ಭಾನುವಾರ, 12 ಜನವರಿ 2025. ದಾವಣಗೆರೆ

ಸಂಕ್ರಾಂತಿಗೆ ಇನ್ನು ಎರಡೇ ದಿನ. ಎಳ್ಳು ಹುರಿದಾಗಿದೆ, ಕೊಬ್ಬರಿ ಹೆಚ್ಚುವುದು ಬಾಕಿ. ಇಂಥ ಹೊತ್ತಿನಲ್ಲೇ ನಮ್ಮನೆ ಮಿಕ್ಸಿಯ ಸಣ್ಣ ಜಾರ್ ಸೋರಲು ಶುರುಮಾಡಿತು. ಹೈಸ್ಕೂಲ್ ಮೈದಾನದಲ್ಲಿ ವಸ್ತುಪ್ರದರ್ಶನ ನಡೆಯುತ್ತಿದೆ, ಅಲ್ಲಿ ಸಿಗುತ್ತದೆ ಎಂದು ಮನೆಯವರು ಹೇಳಿದರು. ಅಕ್ಕನ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟೆ.

ಈ ಸಲ ಒಂದು ಸಾಲು ಪೂರ್ತಿ ಕಂಪ್ಯೂಟರ್ ಮತ್ತು ಪ್ರಿಂಟಿಂಗ್‌ನವರದು. ಮೊದಲ ಮಳಿಗೆಯಲ್ಲೇ ಟೈ ಕಟ್ಟಿಕೊಂಡ ಹುಡುಗ ಹಿಡಿದು ನಿಲ್ಲಿಸಿದ. ಬ್ಲಾಗ್ ಬರೀತೀನಿ ಅಂದಿದ್ದೇ ತಪ್ಪಾಯಿತು. ಹದಿನೈದು ಸಾವಿರ ಕೊಟ್ಟರೆ ಹೊಸ ಸೈಟ್ ಮಾಡಿಕೊಡುತ್ತಾರಂತೆ. ಗೂಗಲ್‌ನಲ್ಲಿ ಮೊದಲನೇ ಸ್ಥಾನ ಗ್ಯಾರಂಟಿಯಂತೆ. ಮೊದಲನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಎಂದು ಗೂಗಲ್‌ನವರೇ ಬರೆದಿಟ್ಟಿದ್ದಾರೆ. "ಡೊಮೇನ್, ಅಂದ್ರೆ ಸೈಟಿನ ವಿಳಾಸ, ಯಾರ ಹೆಸರಲ್ಲಿ ಮಾಡಿಸ್ತೀರಪ್ಪ?" ಎಂದು ಕೇಳಿದೆ. "ಅದೆಲ್ಲ ನಾವೇ ನೋಡ್ಕೋತೀವಿ ಸರ್" ಅಂದ. ಅಲ್ಲಿಗೆ ಕೈಮುಗಿದೆ. ಹಿಂದೊಮ್ಮೆ ಹೀಗೇ 'ನೋಡಿಕೊಂಡವನು' ನನ್ನ ವಿಳಾಸವನ್ನು ಅವನ ಹೆಸರಲ್ಲೇ ಮಾಡಿಸಿದ್ದ. ಬೇರೆ ಊರಿಗೆ ಹೋದ, ಫೋನ್ ಎತ್ತಲಿಲ್ಲ, ವರ್ಷದ ಬಾಡಿಗೆ ಕಟ್ಟುವವರಿಲ್ಲದೆ ವಿಳಾಸವೇ ಕೈಬಿಟ್ಟು ಹೋಯಿತು. ಆಮೇಲೆ ಬ್ಲಾಗರ್ ಎಂಬ ಗೂಗಲ್ ತಾಣದ ಪುಕ್ಕಟೆ ಮನೆಗೇ ವಾಪಸ್ ಬಂದೆ. ಅಲ್ಲೇ ಇದ್ದೇನೆ, ಸುಖವಾಗಿದ್ದೇನೆ.

ಪಕ್ಕದಲ್ಲಿ ಮೈಕ್ ಮಾರುತ್ತಿದ್ದರು. ಮಾತಾಡಿದರೆ ಸಾಕು, ಫೋನೇ ಟೈಪ್ ಮಾಡಿಕೊಳ್ಳುತ್ತದೆ ಎಂದು ತೋರಿಸಿದರು. ಹುಷಾರಾಗಿಯೇ ಮಾತಾಡಿದೆ. "ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿಂದೆವು" ಅಂದದ್ದು "ಸಂಜೆ ಮಂಡ್ಯಕ್ಕೆ ಮೆಣಸಿನಕಾಯಿ ತಂದೆವು" ಎಂದು ಬಂತು. ದಾವಣಗೆರೆಯವನಿಗೆ ಇದಕ್ಕಿಂತ ಅವಮಾನ ಉಂಟೇ? ಆದರೂ ಕರಡು ಮಾಡಿಕೊಳ್ಳಲು ಪರವಾಗಿಲ್ಲ. ಅದಕ್ಕೆ ಮೈಕೇನೂ ಬೇಡ, ಫೋನೇ ಸಾಕು.

ಸಾಲಿನ ಕೊನೆಯಲ್ಲಿ ಲಗ್ನಪತ್ರಿಕೆ ಮಾದರಿಗಳನ್ನು ತೂಗುಹಾಕಿದ್ದ ಒಂದು ಸಣ್ಣ ಮಳಿಗೆ ಇತ್ತು. ಡಿಟಿಪಿ ಅಂಗಡಿ ನಡೆಸುವ ಹೆಂಗಸು ಒಂದು ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಮುಂದೆ ಕೈಬರಹದ ಬೋರ್ಡು: 'ಹಳೆ ನುಡಿ ಫೈಲ್ ಯೂನಿಕೋಡ್ ಮಾಡಿಕೊಡಲಾಗುವುದು.' ಯೂನಿಕೋಡ್ ಅಂದರೆ ಯಾವ ಕಂಪ್ಯೂಟರ್, ಫೋನಿನಲ್ಲಿ ತೆರೆದರೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ ಪದ್ಧತಿ.

ನಾನು ಅಲ್ಲೇ ನಿಂತುಬಿಟ್ಟೆ.

ಇದರ ಹಿಂದಿನ ಕಥೆ ಹೇಳಬೇಕು. 2003ರಿಂದ 2009ರವರೆಗೆ ನಾನು ಊರಿನ ಹತ್ತಿ ಗಿರಣಿಗಳ ಬಗ್ಗೆ ಬರೆಯುತ್ತಿದ್ದೆ. ಗಿರಣಿಗಳ ಕಾಲದಲ್ಲಿ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿತ್ತಲ್ಲ, ಆ ದಿನಗಳ ನೆನಪು. ಕೆಲಸ ಮಾಡಿದವರನ್ನು ಹುಡುಕಿ, ಕೇಳಿ ಬರೆದದ್ದು. ಎಲ್ಲವನ್ನೂ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲೇ ಹೊಡೆದದ್ದು. 2001ರ ವಿಂಡೋಸ್ ಎಕ್ಸ್‌ಪಿ ಜೊತೆಗೇ ತುಂಗಾ ಎಂಬ ಯೂನಿಕೋಡ್ ಫಾಂಟ್ ಬಂದಿತ್ತು. ಆದರೆ ಪ್ರೆಸ್ಸಿನವರು ಕೇಳುತ್ತಿದ್ದುದು ನುಡಿ, ನಮ್ಮ ಕೈಗೆ ಕೂತಿದ್ದೂ ನುಡಿ. ಆ ಫೈಲನ್ನು ಈಗ ಬ್ಲಾಗಿಗೆ ಅಂಟಿಸಿ ನೋಡಿ. 'ಕನ್ನಡ' ಎಂಬ ಪದದ ಜಾಗದಲ್ಲಿ ಒಂದು ಪೌಂಡ್ ಗುರುತು, ನೆತ್ತಿ ಮೇಲೆ ಗೀಟು ಹೊತ್ತ ಮೂರು 'ಎ', ಮಧ್ಯದಲ್ಲೊಂದು 'ಕ್ಯೂ'. ಯಾಕೆಂದರೆ ಅದರೊಳಗೆ ಕನ್ನಡವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿತ್ತು, ಅಷ್ಟೆ. ಫಾಂಟ್ ಹೋದರೆ ವೇಷ ಕಳಚಿತು.

"ಪೆನ್‌ಡ್ರೈವ್ ಐತೇನ್ರಿ ಸರ್?" ಎಂದರು. ಬೀಗದಕೈ ಗೊಂಚಲಲ್ಲೇ ಇತ್ತು. ಸುಮ್ನೆ ಇರಲಿ ಎಂದು ನೇತುಹಾಕಿಕೊಂಡದ್ದು.

ಒಂದು ಫೈಲ್ ತೆರೆದರು. ಪುಟ ಪೂರ್ತಿ ಆರಿಸಿ, ಪರಿವರ್ತಕದಲ್ಲಿ ಅಂಟಿಸಿ, ಒಂದು ಬಟನ್ ಒತ್ತಿದರು. ನನ್ನ ಕನ್ನಡ ಎದ್ದು ಕೂತಿತು. ಈ ಪರಿವರ್ತಕಗಳು ಪುಕ್ಕಟೆಯಾಗಿ ಸಿಗುತ್ತವೆ, ಮನೆಯಲ್ಲೇ ಮಾಡಿಕೊಳ್ಳಬಹುದು ಎಂದೂ ಅವರೇ ಹೇಳಿದರು. "ನಾವು ರೊಕ್ಕ ತಗಳ್ಳೋದು ಆಮೇಲಿನ ತಿದ್ದೋದಕ್ಕೆ." ಎಲ್ಲೆಲ್ಲಿ ಕೆಡುತ್ತದೆ ಎಂದು ಬೆರಳಿಟ್ಟು ತೋರಿಸಿದರು. 'ಸೂರ್ಯ' ಎಂಬುದರ ಅರ್ಕಾವೊತ್ತನ್ನು ಹಳೆಯ ಫಾಂಟಿನಲ್ಲಿ 'ಯ' ಆದಮೇಲೆ ಇಡುತ್ತಿದ್ದೆವು. ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಕೂರಿಸಬೇಕು, ಒಮ್ಮೊಮ್ಮೆ ತಪ್ಪು ಅಕ್ಷರದ ಹಿಂದೆ ಕೂರಿಸುತ್ತದೆ. ನಡುವೆ ಇಂಗ್ಲಿಷಿನಲ್ಲಿ ಬರೆದ ಹೆಸರಿದ್ದರೆ ಅದೂ ಕನ್ನಡವಾಗಿಬಿಡುತ್ತದೆ, ತಲೆಬುಡ ಇಲ್ಲದ ಕನ್ನಡ.

ಇನ್ನೊಂದು ಗುಟ್ಟು ಕಲಿತೆ. ನನ್ನ ಬ್ಲಾಗಿನಲ್ಲಿ 'ಸಾಫ್ಟ್ವೇರ್' ಎಂದು ಒತ್ತಕ್ಷರ ಜೋತುಬಿದ್ದಿರುತ್ತದೆ. 'ಸಾಫ್ಟ್‌ವೇರ್' ಎಂದು ಬಿಡಿಸಿ ಬರೆಯಲು 'ಟ್' ಆದಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಹೆಸರು. ಇಷ್ಟು ವರ್ಷ ಬರೆದರೂ ನನಗೆ ಗೊತ್ತಿರಲಿಲ್ಲ, ನಾಚಿಕೆಯಾಯಿತು.

ಅಷ್ಟರಲ್ಲಿ ಅಕ್ಕನ ಮಗನೂ ಸುಮ್ಮನಿರಲಿಲ್ಲ. "ಮಾವ, ನಿಮ್ ಬ್ಲಾಗು ಬಿಚ್ಚೋದ್ರೊಳಗೆ ಟೀ ಕುಡಿದು ಬರಬೋದು" ಎಂದು ಅವರೆದುರೇ ಅಂದ. ಫೋನಿನಲ್ಲಿ ತೆಗೆದ ಫೋಟೋಗಳನ್ನು ಹಾಗೇ ಏರಿಸುತ್ತೇನೆ, ಒಂದೊಂದೂ ನಾಲ್ಕೈದು ಎಂಬಿ. ಅದಕ್ಕೆ ಸ್ಕ್ವೂಷ್ ಎಂಬುದನ್ನು ತೋರಿಸಿದರು. ಬ್ರೌಸರಿನಲ್ಲೇ ಫೋಟೋವನ್ನು ಕುಗ್ಗಿಸುತ್ತದೆ, ಫೋಟೋ ನಮ್ಮ ಕಂಪ್ಯೂಟರ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಮೊದಲಿನ ಚಿತ್ರ ಎಡಕ್ಕೆ, ಕುಗ್ಗಿದ್ದು ಬಲಕ್ಕೆ, ನಡುವೆ ಸರಿಸುವ ಗೆರೆ. ಕುಂದುವಾಡ ಕೆರೆಯ ಫೋಟೋ 200 ಕೆಬಿಗಿಂತ ಕೆಳಗೆ ಇಳಿಯಿತು. ಗೆರೆಯನ್ನು ಆ ಕಡೆ ಈ ಕಡೆ ಎಷ್ಟು ಎಳೆದರೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ.

ಬ್ಲಾಗಿನ ಅಕ್ಷರದ ಚಂದಕ್ಕೆ ಗೂಗಲ್ ಫಾಂಟ್ಸ್ ನೋಡಿ ಎಂದರು. ಅಲ್ಲಿ 'ಹುಬ್ಬಳ್ಳಿ' ಎಂಬ ಕನ್ನಡ ಫಾಂಟ್ ಇದೆ. 'ಬೆಣ್ಣೆ' ಎಂಬುದೂ ಇದೆ! ಹುಬ್ಬಳ್ಳಿಯವರಿಗೆ ಊರಿನ ಹೆಸರೇ ಸಿಕ್ಕಿದೆ, ನಮಗೆ ಬೆಣ್ಣೆ ಸಿಕ್ಕಿತು, ಸಾಕು ಅಲ್ವಾ? ಇವತ್ತಿನಿಂದ ನನ್ನ ಬ್ಲಾಗಿಗೆ ಬೆಣ್ಣೆ.

ಒಂದು ಫೈಲ್ ತಿದ್ದಿಸಿಕೊಂಡೆ. ಆ ದುಡ್ಡು ಕೊಟ್ಟಿದ್ದಕ್ಕೆ ಬೇಜಾರಿಲ್ಲ. ಗುಂಡಿ ಸರ್ಕಲ್ ದಾಟಿದ ಮೇಲೆ ಜಾರ್ ನೆನಪಾಯಿತು. ಗಾಡಿ ತಿರುಗಿಸಿ ಹೋಗುವಷ್ಟರಲ್ಲಿ ಮಿಕ್ಸಿಯವರು ಬಾಗಿಲು ಹಾಕುತ್ತಿದ್ದರು. ಅಂತೂ ಸಿಕ್ಕಿತು.

ರಾತ್ರಿ ಊಟ ಆದಮೇಲೆ ಕೂತೆ. ಒಟ್ಟು 43 ಫೈಲ್, ಮೂರು ಮುಗಿದಿವೆ. ಬರೆದದ್ದರಲ್ಲಿ ಹುಡುಕಲು ಇಷ್ಟು ವರ್ಷ ಆಗುತ್ತಲೇ ಇರಲಿಲ್ಲ. ನೋಡೋಣ ಎಂದು 'ಸೈರನ್' ಎಂದು ಹೊಡೆದೆ. ಎರಡು ಕಡೆ ಸಿಕ್ಕಿತು. ಮೂರನೆಯದರಲ್ಲೂ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ, ಬೆಳಗಿನ ಪಾಳಿಯ ಸೈರನ್ ಕೇಳಿ ಹಾಲು ಕಾಯಿಸಲು ಇಡುತ್ತಿದ್ದ ಅಜ್ಜಿಯ ಮಾತು ಅದು. ಸಿಗಲೇ ಇಲ್ಲ. ಪರಿವರ್ತಕವನ್ನು ಬೈದುಕೊಂಡು ಸಾಲು ಸಾಲಾಗಿ ಓದಿದೆ.

'ಸೈರೆನ್' ಎಂದು ಹೊಡೆದಿದ್ದೆ. 2004ರಲ್ಲಿ, ನಾನೇ.